ಎರಡು ವರ್ಷ ಹಳ್ಳ್ಯಾಗ ಫೆಲೋಶಿಪ್ ಮಾಡಿದ್ರ ಮುಂದ ಕರಿಯರ್‌ಗೆ ಉಪಯೋಗ ಐತೇನ್ರಿ? ಹೋಗಿ ಬಂದವ್ರು ಹೇಳ್ರಿ

ವರದಾತೀರ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹಾವೇರಿ ಜಿಲ್ಲಾದಾಕಿ, ಹುಬ್ಬಳ್ಳ್ಯಾಗ ಬಿಇ ಕಂಪ್ಯೂಟರ್ ಸೈನ್ಸ್ ಈ ವರ್ಷ ಮುಗಿಸೀನಿ. ಕ್ಯಾಂಪಸ್‌ನ್ಯಾಗ ಒಂದು ಐಟಿ ಕಂಪನಿ ಆಫರ್ ಲೆಟರ್ ಕೊಟ್ಟೈತಿ, ಆದ್ರ ಜಾಯ್ನಿಂಗ್ ಡೇಟ್ ಮುಂದ ಮುಂದ ಹಾಕ್ಕೋತನ ಹೊಂಟಾರ. ಇದರ ನಡುವ ಒಂದು ಫೌಂಡೇಶನ್ನಿನ ಎರಡು ವರ್ಷದ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆ, ಪರೀಕ್ಷಾ, ಇಂಟರ್‌ವ್ಯೂ ಎಲ್ಲಾ ಆಗಿ ಸೆಲೆಕ್ಟ್ ಆಗೀನಿ. ಯಾದಗಿರಿ ಜಿಲ್ಲಾದಾಗ ಸರ್ಕಾರಿ ಪ್ರೈಮರಿ ಸಾಲಿ ಮತ್ತ ಪಂಚಾಯ್ತಿ ಲೈಬ್ರರಿಗೋಳ ಜೋಡಿ ಕೆಲಸ ಅಂತ ಹೇಳ್ಯಾರ.

ಕಾಲೇಜಿನ್ಯಾಗ ಎನ್ಎಸ್ಎಸ್‌ದಾಗ ಇದ್ದೆ. ಕ್ಯಾಂಪಿಗೆ ಹೋದಾಗ ಸಂಜೀಕ ಹುಡುಗ್ರಿಗೆ ಲೆಕ್ಕ ಹೇಳ್ಕೊಡ್ತಿದ್ವಿ, ಆವಾಗಿಂದ ನನಗ ಈ ಕೆಲಸದ ಮ್ಯಾಲೆ ಮನಸ್ಸೈತಿ. ಆದ್ರ ಮನ್ಯಾಗ ಅಪ್ಪಾರು "ಸಮಾಜ ಸೇವಾ ಮಾಡಾಕ ಬಿಇ ಯಾಕ ಬೇಕಿತ್ತವಾ" ಅಂತಾರ, ಅವರದೂ ತಪ್ಪಿಲ್ಲ, ಎಜುಕೇಶನ್ ಲೋನ್ ಐತಿ, ತಮ್ಮ ಪಿಯುಸಿ ಓದಾಕತ್ತಾನ, ಕಿರಾಣಿ ಅಂಗಡಿ ಮ್ಯಾಲೆ ಮನಿ ನಡೀಬೇಕು. ಅವ್ವ ಒಬ್ಬಾಕಿನ ಅಷ್ಟು ದೂರ ಹ್ಯಾಂಗ ಕಳಸೋದು ಅಂತಾಳ.

ನನಗ ತಿಳೀಬೇಕಾಗಿದ್ದು ಏನಂದ್ರ, ಎರಡು ವರ್ಷ ಆದ ಮ್ಯಾಲೆ ಏನು? ವಾಪಸ್ ಐಟಿಗೆ ಬಂದ್ರ ಇದನ್ನ ಗ್ಯಾಪ್ ಅಂತ ಹಿಡಿತಾರೋ ಎಕ್ಸ್‌ಪೀರಿಯನ್ಸ್ ಅಂತ ಹಿಡಿತಾರೋ? ಇದರಾಗನ ಮುಂದುವರಿದ್ರ ಜೀವನ ನಡಸೋವಷ್ಟು ಪಗಾರ ಬರೋ ಕೆಲಸ ಸಿಗ್ತಾವೇನು? ವೆಬ್‌ಸೈಟಿನ್ಯಾಗ ಬರೆಯೋ ಛಂದ ಛಂದ ಮಾತು ಬ್ಯಾಡ್ರಿ, ಖರೇ ಅನುಭವ ಇದ್ದವ್ರು ಹೇಳ್ರಿ.


ಕಲ್ಪತರು_ನಾಡು:

ನೋಡು ತಂಗಿ, ನಾನು ತುಮಕೂರು ಕಡೆಯೋಳು, ಬಿಕಾಂ ಮುಗಿಸ್ಕೊಂಡು ಇಂಥದೇ ಒಂದು ಫೆಲೋಶಿಪ್‌ನಲ್ಲಿ ಅದೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಹೋಗಿದ್ದೆ, ಈಗ ಟೀಚರ್ಸ್‌ಗೆ ತರಬೇತಿ ಸಾಮಗ್ರಿ ಮಾಡೋ ಒಂದು ಸಂಸ್ಥೇಲಿ ಕೆಲಸದಲ್ಲಿದೀನಿ. ಬಿಕಾಂ ಓದಿದೋಳು ಒಂದನೇ ಕ್ಲಾಸ್ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡೋ ಹಂಗಾಯ್ತಲ್ಲ, ಅದು ಪೂರ್ತಿ ಆ ಎರಡು ವರ್ಷದಿಂದಾನೇ ಆಗಿದ್ದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಅಲ್ಲಿ ನನಗೆ ಕೊಟ್ಟಿದ್ದ ಕೆಲಸ ನಲಿಕಲಿ ಕ್ಲಾಸುಗಳಲ್ಲಿ ಮೇಷ್ಟ್ರ ಜೊತೆ ಕೂರೋದು. ನಲಿಕಲಿ ಅಂದ್ರೆ ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆ ಮೂಲಕ ತಮ್ಮ ವೇಗದಲ್ಲೇ ಕಲಿಯೋ ಪದ್ಧತಿ, ನಮ್ಮ ರಾಜ್ಯದ್ದೇ, 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೇಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದಿದ್ದು. ಗೋಡೆ ಮೇಲೆ ಕಲಿಕೆಯ ಹೆಜ್ಜೆಗಳನ್ನ ತೋರಿಸೋ ಕಲಿಕಾ ಏಣಿ, ಮಕ್ಕಳು ತಟ್ಟೆ ಪ್ರಕಾರ, ಅಂದ್ರೆ ಮೇಷ್ಟ್ರ ಸಹಾಯ ಎಷ್ಟು ಬೇಕು ಅನ್ನೋದರ ಮೇಲೆ, ಗುಂಪಾಗಿ ಕೂರ್ತಾರೆ, ತಲೆ ಮೇಲೆ ಚಪ್ಪರದಲ್ಲಿ ಅವರು ಮಾಡಿದ ಚಿತ್ರ ತೂಗು ಹಾಕಿರ್ತಾರೆ, ಒಂದು ಎರಡು ಮೂರನೇ ಕ್ಲಾಸು ಎಲ್ಲ ಒಂದೇ ರೂಮಲ್ಲಿ. ಒಬ್ಬ ಹುಡುಗ ಕಾರ್ಡ್ ಹಿಡ್ಕೊಂಡು ಪಟಪಟ ಅಂತ ಓದೋನು, "ಬಸವ", "ರವಕೆ", "ಸರ". ನಮ್ಮ ಮೆಂಟರ್ ಪಕ್ಕದಲ್ಲಿ ಬಂದು ಕೂತ್ರು, ಕಾರ್ಡಿನಲ್ಲಿರೋ ಚಿತ್ರಾನ ಹೆಬ್ಬೆರಳಲ್ಲಿ ಮುಚ್ಚಿ ಈಗ ಓದಪ್ಪ ಅಂದ್ರು. ಹುಡುಗ ಸುಮ್ಮನಾಗ್ಬಿಟ್ಟ. ಅವನು ಓದ್ತಿದ್ದದ್ದು ಅಕ್ಷರಾನಲ್ಲ, ಚಿತ್ರಾನ. ಆಮೇಲೆ ಅವರು ಅವನನ್ನ ಗದರಿಸ್ಲಿಲ್ಲ, ಮೇಷ್ಟ್ರಿಗೂ ಏನೂ ಅನ್ಲಿಲ್ಲ, "ಬ" ಇರೋ ಪದಗಳನ್ನ ಅವನ ಬಾಯಿಂದಾನೇ ಹೇಳಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸ್ತಾ ಹೋದ್ರು, ಮನೇಲಿ ಅವನು ಆಡೋ ಮಾತಿನ ಪದಗಳು, ಬುಕ್ಕಿನವಲ್ಲ. ನನಗೆ ಈ ಕೆಲಸ ಅಂದ್ರೇನು ಅಂತ ಅರ್ಥವಾಗಿದ್ದು ಅಲ್ಲಿ. ಈಗಲೂ ನಾನು ಮಕ್ಕಳ ಕಾರ್ಡ್ ಡಿಸೈನ್ ಮಾಡುವಾಗ ಚಿತ್ರ ಎಲ್ಲಿ ಬರ್ಬೇಕು, ಪದದ ಹಿಂಭಾಗದಲ್ಲಿ ಬರ್ಬೇಕಾ ಅಂತ ವಾದ ಮಾಡ್ತೀನಿ, ಆಫೀಸಲ್ಲಿ ಕೂತು ಕಲಿತಿದ್ರೆ ಈ ವಾದ ನನಗೆ ಹೊಳೀತಾನೇ ಇರ್ಲಿಲ್ಲ.

ಇನ್ನೊಂದು ವಿಷಯ ಅಂದ್ರೆ ಸರ್ಕಾರಿ ವ್ಯವಸ್ಥೆ ಹೆಂಗೆ ನಡೆಯುತ್ತೆ ಅನ್ನೋ ತಿಳುವಳಿಕೆ, ಇದು ಯಾವ ಕೋರ್ಸಲ್ಲೂ ಸಿಗಲ್ಲ. ಸಿಆರ್‌ಪಿ (ಒಂದು ಕ್ಲಸ್ಟರ್ ಸ್ಕೂಲುಗಳನ್ನ ನೋಡ್ಕೊಳ್ಳೋರು) ಏನು ಮಾಡ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಯಾವ ಪತ್ರ ಯಾರ ಟೇಬಲ್ಲಿಗೆ ಹೋಗುತ್ತೆ, ಎಸ್‌ಡಿಎಂಸಿ (ಸ್ಕೂಲಿನ ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನ ಯಾವಾಗ ಹೋಗಿ ಮಾತಾಡಿಸ್ಬೇಕು. ಜೂನ್ ತಿಂಗಳಲ್ಲಿ ಟೀಚರ್ಸ್‌ಗೆ ದಾಖಲಾತಿ, ಸ್ಯಾಟ್ಸ್ ಎಂಟ್ರಿ (ಮಕ್ಕಳ ಮಾಹಿತಿ ಆನ್‌ಲೈನಲ್ಲಿ ತುಂಬೋದು), ಪಠ್ಯಪುಸ್ತಕ ಹಂಚೋದು, ಇಷ್ಟರಲ್ಲೇ ಮುಗಿದುಹೋಗುತ್ತೆ, ಆಗ ತರಬೇತಿ ಇಟ್ರೆ ಬಂದು ಕೂತ್ರೂ ಮನಸ್ಸೆಲ್ಲಾ ಸ್ಕೂಲಲ್ಲೇ ಇರುತ್ತೆ. ಹತ್ತಿ ಬಿಡಿಸೋ ಕಾಲಕ್ಕೆ ದೊಡ್ಡ ಮಕ್ಕಳು ಕ್ಲಾಸಲ್ಲಿ ಕಮ್ಮಿ ಆಗ್ತಾರೆ. ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ನನಗೆ ಕೇಳಿದ ಮುಖ್ಯ ಪ್ರಶ್ನೆ "ಒಂದು ತಾಲ್ಲೂಕಿಗೆ ವರ್ಷದ ತರಬೇತಿ ಪ್ಲಾನ್ ಮಾಡಿ ತೋರಿಸಿ" ಅಂತ. ನಾನು ಕ್ಯಾಲೆಂಡರ್ ಹಿಡ್ಕೊಂಡು ಯಾವ ತಿಂಗಳು ಆಗಲ್ಲ, ಯಾಕೆ ಆಗಲ್ಲ ಅಂತ ಮೊದಲು ಹೇಳ್ದೆ, ಕ್ಲಸ್ಟರ್ ಟೀಚರ್ಸ್ ಹೆಂಗೂ ಸೇರೋ ಸಮಾಲೋಚನಾ ಸಭೇನೇ ಬಳಸ್ಕೊಂಡ್ರೆ ಬೇರೆ ದಿನ ಹುಡುಕೋದು ತಪ್ಪುತ್ತೆ ಅಂದೆ. ಡಿಗ್ರಿ ಯಾವುದು ಅಂತ ಅವರು ಆಮೇಲೆ ಕೇಳಿದ್ದು.

ಆದ್ರೆ ತಾನಾಗೇ ಎಲ್ಲ ಆಗಿಬಿಡುತ್ತೆ ಅಂತ ಮಾತ್ರ ಹೋಗ್ಬೇಡ. ನನ್ನ ಬ್ಯಾಚ್‌ನಲ್ಲಿ ಅದೇ ಎರಡು ವರ್ಷ ಕಳೆದು ಏನೂ ಹಿಡಿತಕ್ಕೆ ಸಿಗದೆ ವಾಪಸ್ ಹೋದವರೂ ಇದಾರೆ. ವ್ಯತ್ಯಾಸ ಏನಪ್ಪ ಅಂದ್ರೆ ಮೊದಲನೇ ವರ್ಷ ಎಲ್ಲ ನೋಡು, ಎರಡನೇ ವರ್ಷ ಒಂದನ್ನ ಹಿಡ್ಕೊ. ಓದಿಸೋದಾ, ಗಣಿತಾನಾ, ಲೈಬ್ರರಿನಾ, ಯಾವುದೋ ಒಂದು. ಅದರಲ್ಲಿ ನಾಲ್ಕು ಜನ ಬಂದು ನಿನ್ನನ್ನ ಕೇಳೋ ಮಟ್ಟಕ್ಕೆ ತಿಳ್ಕೊ, ಮತ್ತೆ ದಿನಾ ಬರೆದಿಡು.


ಸೌತ್‌ಎಂಡ್_ಸರ್ಕಲ್:

ಮೇಲಿನ ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಬೆಂಗಳೂರಿನಲ್ಲಿ ಸಿಎಸ್ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಮಾಡೋ ಖರ್ಚು) ತಂಡಕ್ಕೆ ಜನರನ್ನ ತಗೊಳ್ಳೋ ಕಡೆ ಇರೋದ್ರಿಂದ ಆ ಕಡೆಯ ನೋಟ ಹೇಳ್ತೀನಿ.

ಮೊದಲು ಐಟಿ ಬಗ್ಗೆ ನೇರವಾಗಿ ಹೇಳಿಬಿಡ್ತೀನಿ ಯಾಕಂದ್ರೆ ಇದನ್ನ ಫೆಲೋಶಿಪ್‌ನವರು ನಿಮಗೆ ಹೇಳಲ್ಲ. ಫ್ರೆಶರ್ ನೇಮಕಾತಿಗಳಲ್ಲಿ ಪಾಸಾದ ವರ್ಷ ನೋಡ್ತಾರೆ, ಇಂಥ ಬ್ಯಾಚ್‌ನವರು ಮಾತ್ರ ಅಂತ ಹಾಕಿರ್ತಾರೆ, ಎರಡು ವರ್ಷ ಕಳೆದ ಮೇಲೆ ಆ ಬಾಗಿಲು ಬಹುಪಾಲು ಮುಚ್ಚಿರುತ್ತೆ, ಮತ್ತೆ ಕೋಡಿಂಗ್ ಎಕ್ಸ್‌ಪೀರಿಯನ್ಸ್ ಅಂತ ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ನಿಮ್ಮ ಗುರಿ ಸಾಫ್ಟ್‌ವೇರ್ ಡೆವಲಪರ್ ಆಗೋದೇ ಆಗಿದ್ರೆ ಇದು ಸುತ್ತು ದಾರಿ. ಆದ್ರೆ ನಿಮ್ಮ ಪೋಸ್ಟ್ ಓದಿದ್ರೆ ನಿಮ್ಮ ಮನಸ್ಸು ಅಲ್ಲಿಲ್ಲ ಅನ್ಸುತ್ತೆ.

ಈಗ ಇನ್ನೊಂದು ಕಡೆ. 2013ರ ಕಂಪನಿ ಕಾಯ್ದೆ ಬಂದು, 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಸಿಎಸ್ಆರ್‌ಗೆ ಖರ್ಚು ಮಾಡ್ಬೇಕು ಅಂತ ಆದ ಮೇಲೆ ಈ ಕ್ಷೇತ್ರದ ಕೆಲಸಗಳ ಸ್ವರೂಪಾನೇ ಬದಲಾಯ್ತು. ಮುಂಚೆ ಎನ್‌ಜಿಒ ಅಂದ್ರೆ ಕಾರ್ಯಕರ್ತರು ಅಷ್ಟೇ ಅಂತಿತ್ತು, ಈಗ ಪ್ರೋಗ್ರಾಂ ಮ್ಯಾನೇಜರ್, ಮಾನಿಟರಿಂಗ್, ಡೇಟಾ, ಸರ್ಕಾರದ ಜೊತೆ ಪಾರ್ಟ್‌ನರ್‌ಶಿಪ್ ನೋಡ್ಕೊಳ್ಳೋರು, ಕಂಟೆಂಟ್ ಮಾಡೋರು ಹೀಗೆ ಎಷ್ಟೋ ತರದ ಹುದ್ದೆ ಇದಾವೆ. ಐಟಿಯಷ್ಟು ವೇಗವಾಗಿ ಸಂಬಳ ಏರಲ್ಲ, ಆದ್ರೆ ಮರ್ಯಾದೆಯಾಗಿ ಮನೆ ನಡೆಸಬಹುದು. ನನ್ನ ಟೇಬಲ್ಲಿಗೆ ಬರೋ ರೆಸ್ಯೂಮೆಗಳಲ್ಲಿ ಕಂಪ್ಯೂಟರ್ ಗೊತ್ತಿರೋರು ಬೇಕಾದಷ್ಟು, ಹಳ್ಳಿ ಶಾಲೆ ಗೊತ್ತಿರೋರು ಕೂಡ ಸಿಕ್ತಾರೆ, ಎರಡೂ ಗೊತ್ತಿರೋರು ತುಂಬಾ ಅಪರೂಪ. ಮೇಷ್ಟ್ರಿಗೆ ಒಂದೇ ಮಾಹಿತೀನ ಮೂರು ಕಡೆ ತುಂಬಿಸೋ ಕಷ್ಟ ಏನು ಅಂತ ಕಣ್ಣಾರೆ ನೋಡಿ, ಆ ಕಷ್ಟ ಕಮ್ಮಿ ಮಾಡೋ ಹಾಗೆ ಒಂದು ಶೀಟೋ ಆ್ಯಪೋ ಮಾಡಬಲ್ಲ ಬಿಇ ಹುಡುಗಿ ಬಂದ್ರೆ ನಾನಂತೂ ಬಿಡಲ್ಲ.

ಆದ್ರೆ ಫೆಲೋಶಿಪ್ ಅನ್ನೋ ಹೆಸರಿದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ನನ್ನ ಪರಿಚಯದ ಹುಡುಗನೊಬ್ಬ ಹೋದ ಕಡೆ ವರ್ಷಪೂರ್ತಿ ಫೋಟೋ ತೆಗೆದು ಅಪ್‌ಲೋಡ್ ಮಾಡಿಸಿ ಸರ್ವೆ ಫಾರ್ಮ್ ತುಂಬಿಸಿದ್ರು, ಕಲಿಸೋರು ಯಾರೂ ಇರ್ಲಿಲ್ಲ, ಕಡಿಮೆ ದುಡ್ಡಿಗೆ ಸಿಕ್ಕ ಕೆಲಸದಾಳು ಅಷ್ಟೇ. ಅದಕ್ಕೇ ಸೇರೋ ಮೊದಲು ಕೇಳಿ: ನನ್ನ ಮೆಂಟರ್ ಯಾರು, ಅವರು ಅದೇ ತಾಲ್ಲೂಕಲ್ಲಿ ಇರ್ತಾರಾ ಅಥವಾ ಬೆಂಗಳೂರಿಂದ ಫೋನಲ್ಲಾ? ಹಿಂದಿನ ಬ್ಯಾಚ್‌ನ ಇಬ್ಬರ ಜೊತೆ ಮಾತಾಡೋಕೆ ಬಿಡ್ತೀರಾ? ಬಿಡಲ್ಲ ಅಂದ್ರೆ ಅದೇ ಉತ್ತರ ಅಂತ ತಿಳ್ಕೊಳ್ಳಿ.


ಘಟಪ್ರಭಾ_77:

ನಾನು ಬ್ಯಾಂಕಿನ್ಯಾಗ ಇದ್ದು ರಿಟೈರ್ ಆದಾಂವ. ಎಲ್ಲಾರೂ ಕೆಲಸದ ಬಗ್ಗೆ ಹೇಳಾಕತ್ತೀರಿ, ಲೋನ್ ಬಗ್ಗೆ ಯಾರೂ ಹೇಳವಲ್ರಿ. ಮಗಳ, ಎಜುಕೇಶನ್ ಲೋನಿಗೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟೋದಿರಂಗಿಲ್ಲ, ಆದ್ರ ಬಡ್ಡಿ ಬೆಳಕೋತ ಇರ್ತೈತಿ. ಎರಡನೇ ವರ್ಷ ಕಂತು ಚಾಲೂ ಆಗ್ತೈತಿ. ಹೋಗೂ ಮೊದಲ ಬ್ರಾಂಚಿಗೆ ಹೋಗಿ ಕಂತು ಎಷ್ಟು ಬರ್ತೈತಿ ಅಂತ ಬರೆಸ್ಕೊಂಡು ಬಾ, ಅವರು ಕೊಡೋ ಸ್ಟೈಪೆಂಡಿನ್ಯಾಗ ರೂಮ್ ಬಾಡಗಿ, ಊಟ, ಪೆಟ್ರೋಲ್ ಕಳದು ಅಷ್ಟು ಉಳಿತೈತೋ ಇಲ್ಲೋ ನೋಡು. ಮೊದಲನೇ ವರ್ಷ ಬಡ್ಡಿಯಾದ್ರೂ ತಿಂಗಳಾ ತಿಂಗಳಾ ಕಟ್ಟಿದ್ರ ಮುಂದಿಂದು ಹಗರ ಆಗ್ತೈತಿ.

ಅದು ಹೊಂದಂಗಿಲ್ಲ ಅಂದ್ರ ನನ್ನ ಸಲಹಾ, ಮೊದಲ ಎರಡು ವರ್ಷ ಕಂಪನಿಯೊಳಗ ದುಡದು ಸಾಲ ಮುಗಿಸು, ಆಮ್ಯಾಲೆ ಹೋಗು. ಎಸ್‌ಬಿಐ ಯೂತ್ ಫಾರ್ ಇಂಡಿಯಾ ಅಂತ ಹಳ್ಳಿ ಫೆಲೋಶಿಪ್ 2011ರಿಂದ ಐತಿ, ಹದಿಮೂರು ತಿಂಗಳದು, 32 ವರ್ಷದ ತನಕ ತಗೋತಾರ. ಐಟಿಯೊಳಗಿನ ಹುಡುಗ್ರು ಕೆಲಸ ಬಿಟ್ಟು ಹೋಗಿದ್ದು ನಾನು ನೋಡೀನಿ. ವಯಸ್ಸು ಎಲ್ಲೂ ಓಡಿ ಹೋಗಂಗಿಲ್ಲ.


ಕಲ್ಪತರು_ನಾಡು:

ಅಂಕಲ್, ಬಡ್ಡಿ ಲೆಕ್ಕ ನೂರಕ್ಕೆ ನೂರು ಸರಿ, ಅದು ಎಲ್ಲಕ್ಕಿಂತ ಮೊದಲು ಆಗ್ಬೇಕು. ಆದ್ರೆ "ಆಮೇಲೆ ಹೋಗು" ಅನ್ನೋದನ್ನ ನಾನು ಒಪ್ಪಲ್ಲ. ಎರಡು ವರ್ಷ ಆದ ಮೇಲೆ ಸಂಬಳ ಅಭ್ಯಾಸ ಆಗಿರುತ್ತೆ, ಮನೇಲಿ ಮದುವೆ ಮಾತು ಶುರುವಾಗಿರುತ್ತೆ, ಹೆಣ್ಣುಮಕ್ಕಳಿಗೆ ಅದರಲ್ಲೂ ಒಂದು ಸಲ ಬಿಟ್ಟ ಅವಕಾಶ ವಾಪಸ್ ಬರೋದು ಕಷ್ಟ. ಗಂಡುಮಕ್ಕಳಿಗೆ ಕೊಡೋ ಸಲಹೇನೇ ಎಲ್ಲರಿಗೂ ಕೊಡೋಕಾಗಲ್ಲ ಅಂಕಲ್.


ಘಟಪ್ರಭಾ_77:

ಈ ಮಾತು ಒಪ್ಪತೀನಿ ತಂಗಿ. ಹಂಗಾದ್ರ ಲೆಕ್ಕ ಹೊಂದಿದ್ರ ಈಗನ ಹೋಗ್ಲಿ.


ಕುವೆಂಪುನಗರ_ಬಸ್‌ಸ್ಟಾಪ್:

ನಾನು ಮೈಸೂರಿನವನು, ಸಾರ್ವಜನಿಕ ನೀತಿ ಓದ್ತಾ ಇದೀನಿ. ಇಲ್ಲಿ ಒಂದು ಸಂಶೋಧನೆ ನೆನಪಾಯ್ತು. ಪದವಿ ಮುಗಿಸಿದವರನ್ನ ಎರಡು ವರ್ಷ ಬಡ ಮಕ್ಕಳ ಶಾಲೆಗಳಿಗೆ ಪಾಠ ಮಾಡೋಕೆ ಕಳಿಸೋ ಅಮೆರಿಕದ ಟೀಚ್ ಫಾರ್ ಅಮೆರಿಕಾ ಗೊತ್ತಿರಬಹುದು, ನಮ್ಮ ಟೀಚ್ ಫಾರ್ ಇಂಡಿಯಾ 2009ರಲ್ಲಿ ಶುರುವಾಗಿದ್ದು ಅದೇ ಮಾದರೀಲಿ. ಅಮೆರಿಕದಲ್ಲಿ ಸ್ವಲ್ಪದರಲ್ಲಿ ಆಯ್ಕೆಯಾದವರನ್ನ ಮತ್ತೆ ಸ್ವಲ್ಪದರಲ್ಲಿ ತಪ್ಪಿಹೋದವರನ್ನ ಹೋಲಿಸಿ ನೋಡಿದಾರೆ, 2018ರಲ್ಲಿ ಪ್ರಕಟ ಆಯ್ತು. ಯಾಕೆ ಹೀಗೆ ಹೋಲಿಸೋದು ಅಂದ್ರೆ, ಸೇವೆ ಮಾಡಿದವರು ಮೊದಲೇ ಆ ಮನಸ್ಸಿನವರಾಗಿರ್ತಾರೆ, ಬದಲಾಗಿದ್ದು ಸೇವೆಯಿಂದಾನಾ ಇಲ್ಲ ಮುಂಚಿಂದಾನೇ ಹಾಗಿದ್ರಾ ಅಂತ ಬೇರೆ ರೀತೀಲಿ ಹೇಳೋಕಾಗಲ್ಲ. ಗೆರೆಯ ಆಚೆ ಈಚೆ ಇರೋರು ಹೆಚ್ಚುಕಮ್ಮಿ ಒಂದೇ ತರದವರು. ಸಿಕ್ಕಿದ್ದು ಏನಂದ್ರೆ, ಹೋಗಿ ಪಾಠ ಮಾಡಿ ಬಂದವರು ಬಡ ಮಕ್ಕಳು ಹಿಂದುಳಿಯೋದಕ್ಕೆ ಅವರ ಸೋಮಾರಿತನ ಕಾರಣ ಅನ್ನದೆ ವ್ಯವಸ್ಥೆ ಕಡೆ ಕಾರಣ ನೋಡೋ ಸಾಧ್ಯತೆ ಜಾಸ್ತಿ. ಅಂದ್ರೆ ಕೆಲಸ ಯಾವುದು ಸಿಗುತ್ತೆ ಅನ್ನೋದು ಒಂದು, ಆಮೇಲೆ ಯಾವ ಕುರ್ಚೀಲಿ ಕೂತ್ರೂ ಯಾವ ಪ್ರಶ್ನೆ ಕೇಳ್ತೀರಿ ಅನ್ನೋದು ಬದಲಾಗುತ್ತೆ.

ನಮ್ಮಲ್ಲೇ ನೋಡಿ, ಡಾ. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟಕ್ಕೆ ಸೋಲಿಗ ಬುಡಕಟ್ಟಿನವರ ನಡುವೆ ಹೋಗಿ 1981ರಲ್ಲಿ ವಿಜಿಕೆಕೆ (ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ) ಕಟ್ಟಿದ್ರು, 1999ರಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕಾರ್ಯಪಡೆ ಮಾಡಿದಾಗ ಅವರನ್ನೇ ಅಧ್ಯಕ್ಷರನ್ನಾಗಿ ಮಾಡ್ತು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರು ಮೆಡಿಕಲ್ ಕಾಲೇಜಲ್ಲಿ ಓದ್ತಾ ಇರುವಾಗ್ಲೇ, 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದ್ರು, ಎಚ್.ಡಿ. ಕೋಟೆ ಕಾಡಂಚಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಹಾರ್ವರ್ಡ್‌ಗೆ ಹೋಗಿ ಸಾರ್ವಜನಿಕ ಆಡಳಿತ ಓದಿದ್ರು, 2021ರಲ್ಲಿ ಕೇಂದ್ರ ಸರ್ಕಾರಿ ನೌಕರರ ತರಬೇತಿ ನೋಡ್ಕೊಳ್ಳೋ ಕೆಪ್ಯಾಸಿಟಿ ಬಿಲ್ಡಿಂಗ್ ಕಮಿಷನ್ನಿಗೆ ಸದಸ್ಯರಾದ್ರು. ಅವರು ಇದ್ದದ್ದು ಎರಡು ವರ್ಷ ಅಲ್ಲ, ಒಂದು ಆಯುಷ್ಯಾನೇ ಹಾಕಿದಾರೆ, ಆದ್ರೆ ದೊಡ್ಡ ಜಾಗಕ್ಕೆ ಹೋದಾಗ ಅವರ ಮಾತಿಗೆ ತೂಕ ಬಂದಿದ್ದು ಹಾಡಿಯಲ್ಲಿ, ಅಂದ್ರೆ ಕಾಡಿನ ಜನರ ವಸತಿಗಳಲ್ಲಿ, ಮಾಡಿದ ಕೆಲಸದಿಂದ.

ಮುಂದೆ ಓದೋ ಮನಸ್ಸಿದ್ರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಮುಂಬೈನ ಸಮಾಜ ವಿಜ್ಞಾನ ಸಂಸ್ಥೆ ಟಿಸ್, ಗುಜರಾತಿನ ಆನಂದ್‌ನಲ್ಲಿರೋ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಇರ್ಮಾ ಇಲ್ಲೆಲ್ಲ ಹಳ್ಳಿ ಅನುಭವ ಇಂಟರ್‌ವ್ಯೂನಲ್ಲಿ ಕೈ ಹಿಡಿಯುತ್ತೆ. ಯುಪಿಎಸ್‌ಸಿ, ಕೆಎಎಸ್ ತಲೇಲಿದ್ರೆ, ಪ್ರಿಲಿಮ್ಸು ಮೇನ್ಸಿಗೆ ಇದರಿಂದ ಒಂದು ಮಾರ್ಕೂ ಬರಲ್ಲ, ಓದೋ ಟೈಮ್ ಕಮ್ಮೀನೇ ಆಗುತ್ತೆ, ಆ ಆಸೆ ಇಟ್ಕೊಂಡು ಹೋಗ್ಬೇಡಿ.


ನಲಿಕಲಿ_ಮಾಸ್ತರ್:

ನಾ ಯಾದಗಿರಿ ಜಿಲ್ಲಾದಾಗ ಸರ್ಕಾರಿ ಸಾಲಿ ಮಾಸ್ತರ್ ಇದ್ದೀನ್ರಿ. ಇಲ್ಲಿ ಎಲ್ಲರೂ ಹೋಗೋರ ಕಡಿಂದ ಮಾತಾಡ್ಲಾಕತ್ತೀರಿ, ನಾವು ಬರೋರನ್ನ ನೋಡೋರು, ನಮ್ಮ ಕಡಿಂದ ಒಂದೆರಡು ಮಾತು.

ವರ್ಷಾ ವರ್ಷಾ ಹುಡುಗ ಹುಡುಗಿಯರು ಬರ್ತಾರ. ನಮಗ ಮೊದಲನೇ ತಿಂಗಳದಾಗೇ ಗೊತ್ತಾಗ್ತದ. ಕೆಲವರು ಬಂದ ದಿನಾನೇ ನಮಗ ಪಾಠ ಹ್ಯಾಂಗ ಮಾಡ್ಬೇಕಂತ ಹೇಳ್ಲಾಕ ಶುರು ಮಾಡ್ತಾರ, ಅಂತೋರಿಗೆ ಮಾಸ್ತರ್ ಮಂದಿ ಚಹಾ ಕೊಟ್ಟು ಕಳಸ್ತಾರ ಅಷ್ಟೇ. ಕೆಲವರು ಸುಮ್ಮನ ಹಿಂದ ಕುಂತು ಮಕ್ಕಳ ಹೆಸರು ಕಲಿತಾರ, ಮನಿ ಮನಿಗೆ ಹೋಗ್ತಾರ, ಅವರ ಮಾತು ಆಮ್ಯಾಲ ನಾವು ಕೇಳ್ತೀವಿ.

ಒಬ್ಬಾಕಿ ಹಾಸನ ಕಡಿ ಹುಡುಗಿ ಬಂದಿದ್ದಳು. ಗ್ರಾಮ ಪಂಚಾಯ್ತಿ ಲೈಬ್ರರಿಗಳು 2019ರಾಗ ಪಂಚಾಯತ್ ರಾಜ್ ಇಲಾಖಾದ ಕೈಗೆ ಬಂದವು, ಈಗ ಅರಿವು ಕೇಂದ್ರ ಅಂತಾರ. ನಮ್ಮೂರಾಗ ಲೈಬ್ರರಿ ಇತ್ತು ಆದ್ರ ಮಕ್ಕಳು ಸಾಲಿ ಬಿಡೋ ಟೈಮಿಗೆ ಅದು ಬಾಗಿಲು ಹಾಕಿರ್ತಿತ್ತು. ಈಕಿ ಏನೂ ದೊಡ್ಡದು ಮಾಡ್ಲಿಲ್ಲ, ಲೈಬ್ರರಿಯನ್ ಅಣ್ಣಾರ ಜೋಡಿ ಕುಂತು ಮಾತಾಡಿದಳು, ಅವರಿಗೆ ಸಂಜೀಕ ಯಾಕ ಆಗಲ್ಲ ಅಂತ ಕೇಳಿದಳು, ಪಂಚಾಯ್ತಿ ಅಧಿಕಾರಿ ಪಿಡಿಒ ಸಾಹೇಬರ ಹತ್ರ ಹೋದಳು, ಗ್ರಾಮ ಸಭಾದಾಗ ತಾಯಂದಿರ ಬಾಯಿಂದಾನೇ ಆ ವಿಷಯ ಎತ್ತಿಸಿದಳು. ತಾನು ಮೈಕ್ ಹಿಡೀಲಿಲ್ಲ ನೋಡ್ರಿ, ಅದು ಆಕಿ ಶಾಣ್ಯಾತನ. ಸಂಜೀಕ ತೆಗೀಲಾಕ ಶುರುವಾಯ್ತು, ಆಕಿ ಹೋದ ಮ್ಯಾಲೂ ತೆಗಿತಾರ. ಗುಳೆ ಹೋಗಿ ಬಂದ ಮಕ್ಕಳು, ಸಾಲ್ಯಾಗ ಹಿಂದ ಬಿದ್ದವರು, ಅಲ್ಲಿ ಬಂದು ಕುಂತು ಚಿತ್ರದ ಬುಕ್ ತಿರುವಿ ಹಾಕ್ತಾರ. ಆ ಹುಡುಗಿ ಈಗ ಬ್ಯಾರೆ ಜಿಲ್ಲಾದ ಜಿಲ್ಲಾ ಪಂಚಾಯ್ತಿದಾಗ ಕನ್ಸಲ್ಟಂಟ್ ಇದ್ದಾಳ, ಫೋನ್ ಮಾಡ್ತಿರ್ತಾಳ, ಗ್ರಾಮ ಸಭಾ ಹ್ಯಾಂಗ ನಡೀತದ ಅಂತ ಅಲ್ಲಿಯ ಹೊಸ ಮಂದಿಗೆ ತಾನೇ ಹೇಳಿಕೊಡ್ತಾಳಂತ.

ತಂಗೀ, ನೀ ಬರೋದಾದ್ರ ಎರಡು ವರ್ಷ ಪೂರ್ತಿ ಇರ್ಲಾಕ ಬಾ. ನಡುವ ಬಿಟ್ಟು ಹೋದ್ರ ನಿನ್ನ ರೆಸ್ಯೂಮೆಗೆ ಏನಾಗ್ತದೋ ನನಗ ಗೊತ್ತಿಲ್ಲ, ಮಕ್ಕಳು ಮಾತ್ರ "ಅಕ್ಕ ಯಾವಾಗ ಬರ್ತಾಳ" ಅಂತ ನಮ್ಮನ್ನ ಕೇಳ್ತಾವ, ಉತ್ತರ ಕೊಡೋರು ನಾವು.


ವರದಾತೀರ:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ, ಇಷ್ಟು ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಫೌಂಡೇಶನ್‌ದವ್ರಿಗೆ ಮೆಂಟರ್ ಬಗ್ಗೆ ಕೇಳ್ದೆ, ತಾಲೂಕಿನ್ಯಾಗನ ಇರ್ತಾರಂತ, ಹಿಂದಿನ ಬ್ಯಾಚಿನ ಇಬ್ಬರ ನಂಬರ್‌ನೂ ಕೊಟ್ರು, ಒಬ್ಬಾಕಿ ಜೋಡಿ ಮಾತಾಡಿದೆ. ಬ್ಯಾಂಕಿಗೆ ಹೋಗಿದ್ವಿ, ಬಡ್ಡಿ ಸ್ಟೈಪೆಂಡಿನ್ಯಾಗ ಹೊಂದ್ತೈತಿ, ಎರಡನೇ ವರ್ಷ ಕಂತು ಸ್ವಲ್ಪ ಬಿಗಿ ಆಗ್ತೈತಿ. ಅದನ್ನ ನಾನು ನೋಡ್ಕೋತೀನಿ ಅಂತ ಅಪ್ಪಾರು ತಾವ ಅಂದ್ರು, ನಾ ಕೇಳಿರ್ಲಿಲ್ಲ. ಮಾಸ್ತರ್ ಬರೆದಿದ್ದನ್ನ ಅವರಿಗೆ ಓದಿ ಹೇಳಿದ್ದೆ. ಆದ್ರ ಒಂದು ಸಲ ಊರು, ಸಾಲಿ ಕಣ್ಣಿಲೆ ನೋಡಬೇಕು ಅಂತಾರ, ಅವ್ವನೂ ಬರ್ತಾಳಂತ. ಯಾವಾಗ ಬಂದ್ರ ಛಲೋ ಮಾಸ್ತರ್? ಮತ್ತ ಓಡಾಡಾಕ ಸ್ಕೂಟಿ ಬೇಕಾಗ್ತೈತೇನ್ರಿ?


ಕಲ್ಪತರು_ನಾಡು:

ಸ್ಕೂಟಿ ಬೇಕೇ ಬೇಕು ತಂಗಿ. ಬೆಳಗ್ಗೆ ಬಸ್ಸಲ್ಲಿ ಹೋಗಬಹುದು, ಮಧ್ಯಾಹ್ನದ ಮೇಲೆ ಒಳಗಿನ ಹಳ್ಳಿಗಳಿಂದ ವಾಪಸ್ ಬರೋದು ಕಷ್ಟ. ಹೊಸದು ತಗೋಬೇಡ, ಸೆಕೆಂಡ್ ಹ್ಯಾಂಡ್ ಸಾಕು, ಲೈಸೆನ್ಸ್ ಮಾತ್ರ ಹೋಗೋ ಮೊದಲೇ ಮಾಡಿಸ್ಕೊ. ರೂಮು ಹಳ್ಳೀಲಿ ಹುಡುಕ್ಬೇಡ, ತಾಲ್ಲೂಕು ಊರಲ್ಲಿ ಇನ್ನೊಬ್ಬ ಫೆಲೋ ಜೊತೆ ಸೇರಿ ಮಾಡು, ನೀರು ದಿನಾ ಬರುತ್ತಾ ಅಂತ ಓನರ್ ಹತ್ರ ಅಲ್ಲ, ಪಕ್ಕದ ಮನೆಯವರ ಹತ್ರ ಕೇಳು.


ನಲಿಕಲಿ_ಮಾಸ್ತರ್:

ಅಪ್ಪ ಅವ್ವ ಇಬ್ಬರನ್ನೂ ಕರ್ಕೊಂಡು ಬಾ ತಂಗೀ. ಸಾಲಿ ತೆಗೆದ ಮೊದಲನೇ ವಾರ ಬ್ಯಾಡ, ದಾಖಲಾತಿ ಗದ್ದಲದಾಗ ನಿಮಗ ಏನೂ ತೋರಸ್ಲಾಕ ಆಗಲ್ಲ, ಜೂನ್ ಕೊನಿಗೆ ಬರ್ರಿ, ಅಷ್ಟೊತ್ತಿಗೆ ಬಿಸಿಲೂ ಸ್ವಲ್ಪ ಇಳೀತದ. ಮುಂಜಾನೆ ಪ್ರಾರ್ಥನಾ ಟೈಮಿಗೇ ಬರ್ರಿ, ನಲಿಕಲಿ ಕ್ಲಾಸಿನಾಗ ಕುಂಡ್ರಸ್ತೀನಿ, ಮಕ್ಕಳ ಜೋಡಿ ಬಿಸಿಯೂಟ ಮಾಡೋಣು, ಸಂಜೀಕ ಲೈಬ್ರರಿ ನೋಡಿ ಹೋಗ್ರಿ. ಬರೋ ಹಿಂದಿನ ದಿನ ಇಲ್ಲಿ ಮೆಸೇಜ್ ಹಾಕು, ನಾ ಹೆಡ್ ಮಾಸ್ತರ್‌ಗೆ ಹೇಳಿರ್ತೀನಿ.